ವರ್ಷಮಾನವೂ ವೃಷ್ಟಿಮಂಡಲವೂ

ಕೌಟಿಲ್ಯನ ಕಾಲದಲ್ಲಿಯೇ ಭರತಖಂಡದಲ್ಲೆಲ್ಲ ಮಳೆಯನ್ನಳೆಯುವ ಕೇಂದ್ರಗಳ ಜಾಲವು ಹಬ್ಬಿದ್ದಿತೆಂದು ಹೇಳುವುದು ಈಚೆಗೆ ವಾಡಿಕೆಯಾಗಿದೆ. ಇದಕ್ಕೆ ಆಧಾರವಾಗಿ ತೋರಿಸುವ ವಾಕ್ಯಗಳು ಅರ್ಥಶಾಸ್ತ್ರದ ದ್ವಿತೀಯಾಧಿಕರಣದಲ್ಲಿ ಎರಡು ಕಡೆ ಬರುತ್ತವೆ. ಕೋಷ್ಠಾಗಾರದಲ್ಲಿ ಒಂದು ಅರತ್ನಿ ಬಾಯಗಲವುಳ್ಳ ಕುಂಡವನ್ನು ವರ್ಷಮಾನಕ್ಕಾಗಿ ಇಡತಕ್ಕದ್ದೆಂದು ಸನ್ನಿಧಾತೃವಿನ ಪ್ರಕರಣವು ವಿಧಿಸುತ್ತದೆ. ಸೀತಾಧ್ಯಕ್ಷಪ್ರಕರಣವಾದರೋ ಜಾಂಗಲದೇಶಕ್ಕೆ 16 ದ್ರೋಣ, ಅನೂಪಕ್ಕೆ ಅದರ ಒಂದೂವರೆಯಷ್ಟು, ಅವಂತಿಗೆ 23 ದ್ರೋಣ ಎಂದು ಎಣಿಸಿ, ಅಪರಾಂತದ ಮಳೆಯನ್ನು ಅಮಿತವೆಂದು ಬಿಟ್ಟುಬಿಡುತ್ತದೆ. ಅಳೆಯುವ ಪಾತ್ರೆಯೂ ದೇಶಭೇದದ ಅರಿವೂ ಇದ್ದುವೆಂಬುದು ಇದರಿಂದ ನಿರ್ವಿವಾದವಾಗಿ ಸಿದ್ಧಿಸುವುದು. ಜಾಲವು ಸಿದ್ಧಿಸುವುದಿಲ್ಲ. ಅವಂತಿಯ ಮಳೆಯನ್ನು ಅಳೆದವರಾರು, ಎಷ್ಟು ವರ್ಷಗಳ ಲೆಕ್ಕದಿಂದ ಆ ಅಂಕಿಯನ್ನು ತೆಗೆದರು, ಯಾರಿಗೆ ಕಳುಹಿಸಿದರು ಎಂಬುದೆಲ್ಲ ಗ್ರಂಥದಲ್ಲಿ ಅನುಕ್ತ. ಅನುಕ್ತವನ್ನು ಅಭಿಮಾನದಿಂದ ತುಂಬುವುದು ವ್ಯಾಖ್ಯಾನವೆನಿಸದು.

ಅಂಕಿಗಳ ಅರ್ಥವಾದರೂ ಎಲ್ಲೆಡೆ ನಿಶ್ಚಿತವಾಗಿಲ್ಲ. ಅಶ್ಮಕರ ಮಳೆಗೆ ಹೇಳಿರುವ ‘ಅರ್ಧತ್ರಯೋದಶ’ ಶಬ್ದವನ್ನು ಆರ್. ಶಾಮಶಾಸ್ತ್ರಿಗಳು ತಮ್ಮ 1915ರ ಇಂಗ್ಲಿಷ್ ಅನುವಾದದಲ್ಲಿ ಹದಿಮೂರೂವರೆಯೆಂದು ತಿರುಗಿಸಿದರು. ಅರ್ಧತೃತೀಯವೆಂದರೆ ಎರಡೂವರೆಯಾಗುವ ಕ್ರಮದಲ್ಲಿ ಇದು ಹನ್ನೆರಡೂವರೆಯಾಗಬೇಕು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಓಲೆಗಳಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಆ ಮಹನೀಯರ ಋಣವು ಇಷ್ಟರಿಂದ ಕಡಮೆಯಾಗತಕ್ಕದ್ದಲ್ಲ. ಆದರೆ ದ್ರೋಣವನ್ನು ಅಂಗುಲಕ್ಕಿಳಿಸಿ ಕೋಷ್ಟಕ ಕಟ್ಟುವವರು ಇದನ್ನು ನೋಡಬೇಡವೆ? ಕುಂಡದ ಬಾಯಿ ದುಂಡೋ ಚೌಕವೋ ಎಂಬುದನ್ನೂ ಕೌಟಿಲ್ಯನು ಹೇಳಿಲ್ಲ.

ಈ ಚರ್ಚೆಯಲ್ಲಿ ಸಲ್ಲಬೇಕಾದ ಗೌರವ ಸಲ್ಲದೆ ಉಳಿದಿರುವುದು ಬೃಹತ್ಸಂಹಿತೆಯ ಪ್ರವರ್ಷಣಾಧ್ಯಾಯ. ಆರನೆಯ ಶತಮಾನದ ವರಾಹಮಿಹಿರನು ಹಸ್ತವಿಸ್ತಾರದ ಕುಂಡವನ್ನು ಹೇಳಿ, 50 ಪಲಕ್ಕೆ ಒಂದು ಆಢಕವೆಂದು ಅಳತೆ ಕಟ್ಟುತ್ತಾನೆ. ಅದಕ್ಕಿಂತ ಮುಖ್ಯವಾದ ಮಾತು ಮತ್ತೊಂದಿದೆ. ಒಂದೆಡೆ ಪರೀಕ್ಷಿಸಿದ ಮಳೆಯು ಎಷ್ಟು ದೂರದವರೆಗೆ ಸಲ್ಲುವುದು? ಹತ್ತು ಯೋಜನದ ಮಂಡಲಕ್ಕೆಂದು ಕೆಲವರು. ಗರ್ಗ, ವಸಿಷ್ಠ, ಪರಾಶರರ ಮತದಲ್ಲಿ ಹನ್ನೆರಡನ್ನು ಮೀರದು. ಪ್ರಶ್ನೆಯು ನಿಜವಾಗಿಯೂ ಶಾಸ್ತ್ರೀಯವಾದುದು. ಇದನ್ನು ನಿರ್ಣಯಿಸಲು ಅಂಥದೇ ಕುಂಡಗಳನ್ನು ಹಲವೆಡೆ ಇಟ್ಟು, ಒಂದೇ ಹೊತ್ತಿನಲ್ಲಿ ಅಳೆದು, ಲೆಕ್ಕಗಳನ್ನು ಒಂದೆಡೆ ತರಬೇಕು. ಅಧ್ಯಾಯವು ಈ ಉಪಾಯದತ್ತ ತಿರುಗದೆ ಋಷಿಮತದಲ್ಲಿ ನಿಂತು, ಹಸ್ತ, ಚಿತ್ರಾ, ರೇವತಿಗಳಿಗೆ 16 ದ್ರೋಣ, ಸ್ವಾತಿಗೆ 4 ಎಂದು ನಕ್ಷತ್ರಗಳಿಗೆ ಮಳೆಯನ್ನು ಹಂಚುತ್ತದೆ. ಅವಂತಿಗೂ ಅಶ್ಮಕಕ್ಕೂ ಭೇದವೆಣಿಸಿದ ಕೌಟಿಲ್ಯನ ದಾರಿಯಿಂದ ಇದು ಹಿಂದೆ ಸರಿದಂತೆಯೇ ಸರಿ.

ಆ ಉಪಾಯವನ್ನು ಕಾರ್ಯಕ್ಕೆ ತಂದವರಲ್ಲಿ ಜರ್ಮನ್ ದೇಶದ ಮಾನ್‌ಹೈಮ್ ಪಟ್ಟಣದ ಪಂಡಿತರು ಗಣ್ಯರು. 1780ರಲ್ಲಿ ಅಲ್ಲಿ ಸ್ಥಾಪಿತವಾದ ಹವಾವಿದ್ಯಾಪರಿಷತ್ತು ದೂರದೇಶಗಳ ವೀಕ್ಷಕರಿಗೂ ಸರಿತೂಗಿಸಿದ ಉಪಕರಣಗಳನ್ನು ಕೊಟ್ಟಿತು. ಬೆಳಗ್ಗೆ 7, ಮಧ್ಯಾಹ್ನ 2, ರಾತ್ರಿ 9 ಎಂದು ಹೊತ್ತು ಗೊತ್ತುಮಾಡಿತು. ಬಂದ ಲೆಕ್ಕಗಳನ್ನು ಅಚ್ಚುಮಾಡಿ ಹೊರತಂದಿತು. ಭಾರತದ ಹವಾಮಾನ ಇಲಾಖೆಯು ಹುಟ್ಟಿದುದು 1875ರಲ್ಲಿ.

ಇಂದು ಗರ್ಗಾದಿಗಳ ಮಂಡಲವನ್ನು ಅಳೆದೇ ನೋಡಬಹುದು. ಯೋಜನವನ್ನು ಎಂಟು ಮೈಲಿಯೆಂದು ಹಿಡಿದರೆ, ಆಗುಂಬೆಯನ್ನು ನಡುವಿಟ್ಟು ಎಳೆದ ಹನ್ನೆರಡು ಯೋಜನದ ವೃತ್ತದೊಳಗೆ ಶಿವಮೊಗ್ಗವು ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರನ್ನು ಮೀರಿ ಸುರಿಯುವ ಮಳೆ ಶಿವಮೊಗ್ಗದಲ್ಲಿ 1000ದ ಆಸುಪಾಸಿಗೆ ಇಳಿಯುವುದು. ಕರ್ನಾಟಕದಲ್ಲಿ ಗ್ರಾಮಪಂಚಾಯತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಮೇಲ್ಪಟ್ಟು ಮಳೆಮಾಪಕಗಳನ್ನಿಟ್ಟು, ಕಾಲುಗಂಟೆಗೊಮ್ಮೆ ಲೆಕ್ಕ ತರಿಸುವ ಏರ್ಪಾಡು ಬೇಕಾದುದು ಈ ಕಾರಣದಿಂದಲೇ.