ಚಾರಿತ್ರಿಕ ಧಾರಾವಾಹಿಗಳಲ್ಲಿ ಕೋವಿಯ ಔಚಿತ್ಯ

ಚಾರಿತ್ರಿಕ ನಾಟಕವು ಚರಿತ್ರೆಯ ಗ್ರಂಥವಲ್ಲ. ಕವಿಗೆ ಸಲ್ಲುವ ಸ್ವಾತಂತ್ರ್ಯವು ನಾಟಕಕಾರನಿಗೂ ಸಲ್ಲತಕ್ಕದ್ದು ಎಂಬ ಮಾತು ಹೊಸದೇನಲ್ಲ. ಅರಸನು ಅಂತಃಪುರದಲ್ಲಿ ಆಡಿದ ಮಾತನ್ನು ಯಾವ ದಫ್ತರವೂ ಬರೆದಿಟ್ಟಿರುವುದಿಲ್ಲ. ಅದನ್ನು ಕಲ್ಪಿಸಿಕೊಳ್ಳುವ ಹಕ್ಕು ಕವಿಯದೇ. ಆದರೆ ಆ ಅರಸನ ಸೈನಿಕನು ನಿಮಿಷಕ್ಕೆ ಎಷ್ಟು ಸಲ ಗುಂಡು ಹಾರಿಸಬಲ್ಲವನಾಗಿದ್ದನೆಂಬುದು ಕಲ್ಪನೆಗೆ ಬಿಟ್ಟ ವಿಷಯವಲ್ಲ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ಪದ, ವಾಕ್ಯ, ರಸಗಳ ಔಚಿತ್ಯದೊಡನೆ ದೇಶ, ಕಾಲಗಳ ಔಚಿತ್ಯವನ್ನೂ ಎಣಿಸಿದ್ದಾನೆ. ದೂರದರ್ಶನದ ಚಾರಿತ್ರಿಕ ಧಾರಾವಾಹಿಗಳಲ್ಲಿ ಬರುವ ಕೋವಿ, ಫಿರಂಗಿಗಳನ್ನು ಈ ಕಾಲೌಚಿತ್ಯದ ಒರೆಗಲ್ಲಿಗೆ ಹಚ್ಚಿ ನೋಡುವುದು ಅಗತ್ಯವಾಗಿದೆ. ಹೊರನಾಡಿನಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆ ಕರ್ನಾಟಕದ ಚರಿತ್ರೆಯನ್ನು ಹೇಳಿಕೊಡುವ ಪಾಠಶಾಲೆಗಳು ವಿರಳ. ಅನೇಕರ ಪಾಲಿಗೆ ತೆರೆಯೇ ಗುರು. ಆ ಗುರುವಿನ ಪಾಠದಲ್ಲಿ ಕೋವಿ ತಪ್ಪಿದರೆ ತಪ್ಪುವುದು ಕೋವಿಯೊಂದೇ ಅಲ್ಲ.

ಕರ್ನಾಟಕದ ಮಟ್ಟಿಗೆ ಈ ವಿಚಾರದಲ್ಲಿ ಮೊದಲು ನೆನಪಿಗೆ ಬರುವುದು ೧೯೯೦ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’. ಇದಕ್ಕೆ ಆಧಾರ ಭಗವಾನ್ ಗಿದ್ವಾನಿಯವರು ೧೯೭೬ರಲ್ಲಿ ಪ್ರಕಟಿಸಿದ ಕಾದಂಬರಿ. ಇದು ಕಾದಂಬರಿಯ ರೂಪಾಂತರವೆಂಬ ಸೂಚನೆಯೊಡನೆಯೇ ಪ್ರಸಾರವಾದದ್ದರಿಂದ ಚರಿತ್ರೆಯ ಪೂರ್ಣ ಭಾರವನ್ನು ಅದರ ಮೇಲೆ ಹೇರುವುದು ನ್ಯಾಯವಲ್ಲ. ಆದರೂ ಅದರ ಶೀರ್ಷಿಕೆಯಲ್ಲಿಯೇ ಒಂದು ವಿಚಾರ ಅಡಗಿದೆ. ಹೈದರ್ ಮತ್ತು ಟಿಪ್ಪುವಿನ ಮೈಸೂರನ್ನು ಸಮಕಾಲೀನ ರಾಜ್ಯಗಳಿಂದ ಬೇರ್ಪಡಿಸಿದ ಶಕ್ತಿ ಖಡ್ಗದ್ದಲ್ಲ. ಕೋವಿ, ಫಿರಂಗಿ ಮತ್ತು ಅಗ್ನಿಬಾಣದ್ದು, ಅವನ್ನು ತಯಾರಿಸಿದ ಕಾರ್ಖಾನೆಗಳದ್ದು. ಶ್ರೀರಂಗಪಟ್ಟಣದಲ್ಲಿಯೂ ನಗರದಲ್ಲಿಯೂ ತಯಾರಾದ, ಹುಲಿಯ ಆಕೃತಿಯನ್ನು ತಾಳಿದ ಕೋವಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಅಂಥ ಅರಸನ ಕಥೆಗೆ ಖಡ್ಗವೇ ಲಾಂಛನವಾದದ್ದು ಕಾವ್ಯದ ರೂಢಿ. ವೀರನ ಕೈಯಲ್ಲಿ ಖಡ್ಗ ಶೋಭಿಸುತ್ತದೆ. ಮದ್ದು ತುಂಬುವ ಸಿಪಾಯಿಯ ಕೈಯಲ್ಲಿ ರಮ್ಯವಾದದ್ದೇನೂ ಕಾಣದು.

ಹಾಗಾದರೆ ಆ ಸಿಪಾಯಿಯ ಕೈ ಏನು ಮಾಡುತ್ತಿತ್ತು? ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹಳೆಯ ಬತ್ತಿಯ ಕೋವಿಯೂ ಹೊಸ ಚಕಮಕಿ ಕೋವಿಯೂ ಜೊತೆಜೊತೆಯಾಗಿ ಬಳಕೆಯಲ್ಲಿದ್ದುವು. ಮೊದಲನೆಯದಕ್ಕೆ ಉರಿಯುವ ಬತ್ತಿ ಬೇಕು. ಎರಡನೆಯದರಲ್ಲಿ ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರುತ್ತದೆ. ಚಕಮಕಿ ಕೋವಿಯ ಸಿಪಾಯಿಯು ಮದ್ದಿನ ಪೊಟ್ಟಣವನ್ನು ಹಲ್ಲಿನಿಂದ ಹರಿದು, ರಂಜಕದ ಬಟ್ಟಲಿಗೆ ಚಿಟಿಕೆ ಮದ್ದು ಸುರಿದು, ಉಳಿದುದನ್ನು ನಳಿಗೆಯೊಳಕ್ಕೆ ಹಾಕಿ, ಗುಂಡನ್ನು ಸೇರಿಸಿ, ಗಜದಿಂದ ಜಡಿದು, ಅನಂತರ ಗುರಿಯಿಡಬೇಕು. ಚೆನ್ನಾಗಿ ತರಬೇತಾದವನೂ ನಿಮಿಷಕ್ಕೆ ಎರಡು ಅಥವಾ ಮೂರು ಸಲ ಮಾತ್ರ ಹಾರಿಸಬಲ್ಲವನಾಗಿದ್ದ. ನೂರು ಗಜಕ್ಕಿಂತ ಆಚೆಗೆ ಒಬ್ಬ ಮನುಷ್ಯನಿಗೆ ಗುಂಡು ತಗುಲುವುದು ಬಹುಮಟ್ಟಿಗೆ ಅದೃಷ್ಟದ ಮಾತು. ಮಳೆ ಬಿದ್ದರೆ ಕೋವಿಯು ಬರಿಯ ದೊಣ್ಣೆ. ೧೭೫೭ರ ಪ್ಲಾಸಿಯಲ್ಲಿ ನವಾಬನ ಮದ್ದು ಮಳೆಗೆ ನೆನೆಯಿತು, ಕಂಪನಿಯವರು ತಮ್ಮದನ್ನು ಟಾರ್ಪಾಲಿನಡಿ ಒಣಗಿಯೇ ಉಳಿಸಿಕೊಂಡರು. ಆ ದಿನದ ಫಲಿತಾಂಶದಲ್ಲಿ ಇದಕ್ಕೂ ಪಾಲುಂಟು.

ಆ ಕಾಲದ ಯುದ್ಧಕ್ರಮವೆಲ್ಲ ಹುಟ್ಟಿದ್ದು ಈ ನಿಧಾನದಿಂದಲೇ. ಸಾಲುಗಟ್ಟಿ ನಿಂತು ಏಕಕಾಲಕ್ಕೆ ಗುಂಡು ಹಾರಿಸುವ ಶಿಸ್ತು, ಕೋವಿಯ ತುದಿಗೆ ಸಂಗೀನು, ಎರಡು ಸರದಿಗಳ ನಡುವಿನ ಬಿಡುವಿನಲ್ಲಿ ಮೇಲೆ ಬೀಳುವ ಅಶ್ವದಳದ ಸಾಹಸ, ಇವೆಲ್ಲಕ್ಕೂ ಅರ್ಥ ಬರುವುದು ಕೋವಿಯನ್ನು ಮತ್ತೆ ತುಂಬಲು ಹೊತ್ತು ಹಿಡಿಯುತ್ತಿದ್ದುದರಿಂದ. ತೆರೆಯ ಮೇಲೆ ನಾಯಕನು ಒಂದೇ ಕೋವಿಯಿಂದ ಬಿಡುವಿಲ್ಲದೆ ಗುಂಡಿನ ಮಳೆಗರೆದನೆಂದರೆ ಸಾಲುಗಟ್ಟಿ ನಿಂತವರು ಮೂಢರಾಗಿಯೂ ಕುದುರೆಯೇರಿ ನುಗ್ಗಿದವರು ಆತ್ಮಘಾತಕರಾಗಿಯೂ ಕಾಣುತ್ತಾರೆ. ನಾಯಕನ ಶೌರ್ಯವನ್ನು ಹೆಚ್ಚಿಸಹೋಗಿ ಸಾವಿರಾರು ಸಾಮಾನ್ಯರ ಶೌರ್ಯವನ್ನು ಅಳಿಸಿದಂತಾಗುತ್ತದೆ.

ಮೈಸೂರಿನ ಅಗ್ನಿಬಾಣದ ವಿಷಯದಲ್ಲಿ ದೋಷದ ದಿಕ್ಕು ಬೇರೆ. ಅದನ್ನು ಇಂದಿನ ಕ್ಷಿಪಣಿಯ ತಾತನೆಂದು ಹೊಗಳುವ ಉತ್ಸಾಹದಲ್ಲಿ, ಗುರಿ ತಪ್ಪದ ಮಹಾಸ್ತ್ರವಾಗಿ ತೋರಿಸುವ ಪ್ರವೃತ್ತಿಯುಂಟು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕಿದ ಬಾಣಗಳು ದೊರೆತುವು. ಅವುಗಳ ಕಬ್ಬಿಣದ ಕೊಳವೆಯ ಉದ್ದ ಸುಮಾರು ೨೩ರಿಂದ ೨೬ ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಈ ಕೊಳವೆಗೆ ಉದ್ದನೆಯ ಬಿದಿರನ್ನು ಕಟ್ಟಿ ಹಾರಿಸುತ್ತಿದ್ದರು. ಕಾಗದದ ಬದಲು ಕಬ್ಬಿಣವನ್ನು ಬಳಸಿದುದರಿಂದ ಒಳಗಿನ ಮದ್ದಿನ ಒತ್ತಡವನ್ನು ಕೊಳವೆ ತಾಳುತ್ತಿತ್ತು, ಬಾಣ ದೂರ ಹೋಗುತ್ತಿತ್ತು. ಅದರ ಬಲವಿದ್ದುದು ಸಂಖ್ಯೆಯಲ್ಲಿ, ಸದ್ದಿನಲ್ಲಿ, ಅದು ಎಲ್ಲಿ ಬೀಳುವುದೋ ಎಂಬ ಭಯದಲ್ಲಿ, ಗುರಿಯ ನಿಖರತೆಯಲ್ಲಲ್ಲ. ೧೭೯೯ರ ಏಪ್ರಿಲ್ ೫ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಕಗ್ಗತ್ತಲಲ್ಲಿ ಬಾಣಗಳಿಗೂ ಕೋವಿಗಳಿಗೂ ಸಿಕ್ಕಿ ಚದರಿಹೋಯಿತು. ಮುಂದೆ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಕತ್ತಲಲ್ಲಿ ದಾರಿ ತಪ್ಪಿ ಹಿಂದೆಗೆದ ಈ ರಾತ್ರಿಗಿಂತ ಮಿಗಿಲಾದ ನಾಟಕೀಯತೆಯನ್ನು ಯಾವ ಉತ್ಪ್ರೇಕ್ಷೆಯೂ ಕೊಡಲಾರದು.

ಕಾಲವ್ಯತ್ಯಯದ ದೋಷವು ಇನ್ನೂ ಸುಲಭವಾಗಿ ನುಸುಳುತ್ತದೆ. ಕಿತ್ತೂರಿನಲ್ಲಿ ಥ್ಯಾಕರೆ ಸತ್ತದ್ದು ೧೮೨೪ರ ಅಕ್ಟೋಬರ್ ೨೩ರಂದು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ೧೮೩೧ರಲ್ಲಿ. ಮಲೆನಾಡಿನ ಜನ ಇಂದಿಗೂ ಹೆಸರಿಸುವ ಕೇಪಿನ ಕೋವಿ ಕಂಪನಿಯ ಸಿಪಾಯಿಗಳ ಕೈಗೆ ಬಂದದ್ದು ೧೮೪೦ರ ದಶಕದಲ್ಲಿ. ಆದಕಾರಣ ಚೆನ್ನಮ್ಮನ ಕಾಲದ ಎರಡೂ ಪಕ್ಷದವರಿಗೆ ಬತ್ತಿ ಮತ್ತು ಚಕಮಕಿಗಳೇ ಗತಿ. ೧೮೫೭ರ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ಒಲ್ಲದೆ ದಂಗೆಯೆದ್ದ ವೇಳೆಗೆ ಪರಿಸ್ಥಿತಿ ಬದಲಾಗಿತ್ತು. ಕಂಪನಿಯ ದಂಡಿನಲ್ಲಿ ದೂರಕ್ಕೆ ಗುರಿ ಹಿಡಿಯುವ ಎನ್‌ಫೀಲ್ಡ್ ಬಂದಿತ್ತು. ನಿಜಾಮನ ಅಧೀನದಲ್ಲಿದ್ದ ಸುರಪುರದ ವೆಂಕಟಪ್ಪನಾಯಕನು ೧೮೫೮ರಲ್ಲಿ ಹೈದರಾಬಾದಿನಲ್ಲಿ ಸೆರೆಸಿಕ್ಕನು. ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ಅವನ ಪ್ರಾಣ ಹೋಯಿತೆಂದು ಮೆಡೋಸ್ ಟೇಲರನ ಆತ್ಮಕಥೆ ತಿಳಿಸುತ್ತದೆ. ಸುರಪುರದ ಕಥೆಯಲ್ಲಿ ರಿವಾಲ್ವರ್ ಉಚಿತ. ಕಿತ್ತೂರಿನ ಕಥೆಯಲ್ಲಿ ಅದು ಅಪಚಾರ. ಮೂವತ್ತೈದು ವರ್ಷಗಳ ಒಳಗೆ ಆಳುವವರ ಕೋವಿಗೂ ಆಳಿಸಿಕೊಳ್ಳುವವರ ಕೋವಿಗೂ ನಡುವೆ ಬಿದ್ದ ಈ ಅಂತರವನ್ನು ತೋರಿಸದಿದ್ದರೆ, ಕಿತ್ತೂರು ಮೊದಲ ಕಾಳಗವನ್ನು ಗೆದ್ದುದೂ ಹಲಗಲಿ ಬೇಗನೆ ನಾಶವಾದುದೂ ಏತಕ್ಕೆಂಬುದು ತಿಳಿಯುವುದಿಲ್ಲ.

ಈ ವಿಚಾರದ ಮುಖ್ಯ ಸಾಕ್ಷಿಯೊಂದು ಹೈದರಾಬಾದಿನ ಕನ್ನಡಿಗರ ನಿತ್ಯದ ದಾರಿಯಲ್ಲಿಯೇ ಇದೆ. ಅಬಿಡ್ಸ್‌ನ ಮಗ್ಗುಲಿಗೆ ಫತೇಮೈದಾನದ ಕಡೆ ಇರುವ ಬಡಾವಣೆಯ ಹೆಸರು ಗನ್‌ಫೌಂಡ್ರಿ. ಹಳೆಯ ಜನರ ಬಾಯಲ್ಲಿ ತೋಪ್ ಕಾ ಸಾಂಚಾ. ನಿಜಾಮ್ ಅಲಿಖಾನನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡನು ೧೭೯೫ರ ಸುಮಾರಿಗೆ ಇಲ್ಲಿ ಫಿರಂಗಿಗಳನ್ನು ಎರಕ ಹೊಯ್ಯಿಸಿದನು. ಮುಸಲ್ಮಾನರು ಮೂಸಾ ರಹೀಮನೆಂದೂ ಹಿಂದೂಗಳು ಮೂಸಾ ರಾಮನೆಂದೂ ಕರೆದ ಈತ ೧೭೯೮ರ ಮಾರ್ಚಿನಲ್ಲಿ ತೀರಿಕೊಂಡನು. ಅದೇ ವರ್ಷದ ಸೆಪ್ಟೆಂಬರಿನ ಒಪ್ಪಂದದಂತೆ ಅಕ್ಟೋಬರ್ ೨೨ರಂದು ಕಂಪನಿಯವರು ಅವನ ಹದಿನಾಲ್ಕು ಸಾವಿರದಷ್ಟಿದ್ದ ಪಡೆಯನ್ನು ಸುತ್ತುವರಿದು ನಿರಾಯುಧಗೊಳಿಸಿದರು. ಶ್ರೀರಂಗಪಟ್ಟಣ ಬಿದ್ದದ್ದು ೧೭೯೯ರ ಮೇ ೪ರಂದು. ನಡುವೆ ಆರೂವರೆ ತಿಂಗಳು ಮಾತ್ರ.

ಈ ಎರಡು ತಾರೀಖುಗಳನ್ನು ಕೂಡಿಸಿ ಓದಿದಾಗ ನಾಟಕದ ನೀತಿಯೇ ಬದಲಾಗುತ್ತದೆ. ಟಿಪ್ಪುವಿನ ಕಥೆಯನ್ನು ಹೇಳುವಾಗ ನಿಜಾಮನನ್ನು ಕಂಪನಿಯ ಕೈಗೊಂಬೆಯನ್ನಾಗಿಯೂ ಮೀರ್ ಸಾದಿಕನನ್ನು ಪತನದ ಏಕೈಕ ಕಾರಣವನ್ನಾಗಿಯೂ ಚಿತ್ರಿಸುವುದು ಸುಲಭದ ಮಾರ್ಗ. ನಿಜಾಮನ ದಂಡು ಮೀರ್ ಆಲಮನ ಜೊತೆ ಶ್ರೀರಂಗಪಟ್ಟಣದ ಮೇಲೆ ಹೋದದ್ದು ನಿಜ. ಆದರೆ ಹೊರಡುವುದಕ್ಕೆ ಮೊದಲೇ ಹೈದರಾಬಾದು ತನ್ನ ಸ್ವತಂತ್ರವಾದ ಕೋವಿಯನ್ನು ಕಳೆದುಕೊಂಡಿತ್ತು. ಅಂತೆಯೇ ದ್ರೋಹದ ಕಥೆ ಏನೇ ಇರಲಿ, ಕೋಟೆಯ ಗೋಡೆಯನ್ನು ಒಡೆದದ್ದು ಮುತ್ತಿಗೆಯ ಫಿರಂಗಿಗಳು. ಮೇ ೨ರಂದು ಕೋಟೆಯೊಳಗಿನ ಅಗ್ನಿಬಾಣಗಳ ಸಂಗ್ರಹಕ್ಕೆ ಬೆಂಕಿ ತಗುಲಿ ಸಿಡಿಯಿತು. ಆಯುಧದ ಸತ್ಯವನ್ನು ಬಿಟ್ಟ ನಾಟಕಕ್ಕೆ ಗೆಲುವಿಗೆ ವೀರನೊಬ್ಬನೂ ಸೋಲಿಗೆ ದ್ರೋಹಿಯೊಬ್ಬನೂ ಬೇಕೇಬೇಕಾಗುತ್ತಾರೆ. ಆ ದ್ರೋಹಿಯನ್ನು ಹುಡುಕುವ ಚಟ ತೆರೆಯಲ್ಲಿ ಮುಗಿಯದೆ ಸಮಾಜಕ್ಕೂ ಇಳಿಯುತ್ತದೆ.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ನಿಖರತೆಗೆ ಹಣವೆಲ್ಲಿ ಎಂಬುದು ಮೊದಲನೆಯದು. ಇಲ್ಲಿ ಕೇಳುತ್ತಿರುವುದು ನಿಜವಾದ ಮದ್ದನ್ನಲ್ಲ. ೧೯೮೯ರ ಫೆಬ್ರವರಿ ೮ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಇದೇ ಟಿಪ್ಪು ಧಾರಾವಾಹಿಯ ಚಿತ್ರೀಕರಣದ ಕಾಲದಲ್ಲಿ ಸಂಭವಿಸಿದ ಬೆಂಕಿಯಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಚಿತ್ರೀಕರಣದ ಅಂಗಳದಲ್ಲಿ ಬೆಂಕಿಯನ್ನು ಹೆಚ್ಚಿಸೆಂದು ಯಾವ ವಿಮರ್ಶಕನೂ ಹೇಳಲಾರ. ಬೇಕಾದದ್ದು ಸರಿಯಾದ ಮಾದರಿ ಮತ್ತು ನಟನಿಗೆ ಕಲಿಸಿದ ಕೈಯ ಚಲನೆ. ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ ಆಯುಧಗಳ ವಿಭಾಗವನ್ನು ಒಂದು ದಿನ ನೋಡುವುದಕ್ಕೆ ದೊಡ್ಡ ಬಂಡವಾಳ ಬೇಡ. ನೋಡುವವರಿಗೆ ತಾಳ್ಮೆಯಿಲ್ಲ ಎಂಬುದು ಎರಡನೆಯ ಆಕ್ಷೇಪಣೆ. ಆದರೆ ಗುಂಡು ಹಾರಿಸಿ ಬರಿಗೈಯಾದ ಸಿಪಾಯಿಯೊಬ್ಬ ಮತ್ತೆ ಮದ್ದು ತುಂಬುತ್ತಿರುವ ಇಪ್ಪತ್ತು ಸೆಕೆಂಡುಗಳಲ್ಲಿ ಶತ್ರುವಿನ ಕುದುರೆ ಹತ್ತಿರ ಬರುತ್ತಿದೆ ಎಂಬುದಕ್ಕಿಂತ ಉತ್ಕಂಠಿತವಾದ ಸನ್ನಿವೇಶ ಯಾವುದು?

೧೯೮೮ರಲ್ಲಿ ಶ್ಯಾಮ್ ಬೆನೆಗಲ್ ಅವರು ನೆಹರೂ ಅವರ ಗ್ರಂಥವನ್ನು ಆಧರಿಸಿ ನಿರ್ಮಿಸಿದ ‘ಭಾರತ್ ಏಕ್ ಖೋಜ್’ ಸೂತ್ರಧಾರನ ಮಾತಿನ ಮೂಲಕ ನಾಟಕವನ್ನೂ ಚರಿತ್ರೆಯನ್ನೂ ಬೇರೆಬೇರೆಯಾಗಿಯೂ ಕೂಡಿಯೂ ತೋರಿಸಿತು. ಆ ವಿವೇಕವನ್ನು ಆಯುಧಗಳಿಗೂ ವಿಸ್ತರಿಸಬೇಕಾಗಿದೆ. ಕೋವಿಯನ್ನು ಅಲಂಕಾರವೆಂದು ಬಗೆಯದೆ, ಅದನ್ನು ಎರಕ ಹೊಯ್ದ ಕುಲುಮೆಯನ್ನೂ ತುಂಬಿದ ಕೈಯನ್ನೂ ಕಸಿದುಕೊಂಡ ಒಪ್ಪಂದವನ್ನೂ ತೋರಿಸುವ ಧಾರಾವಾಹಿಯೊಂದು ಬಂದರೆ, ಶ್ರೀರಂಗಪಟ್ಟಣ ಮತ್ತು ಹೈದರಾಬಾದುಗಳು ಶತ್ರುನಗರಗಳಾಗಿ ಮಾತ್ರ ಕಾಣದೆ, ಒಂದೇ ಶಕ್ತಿಗೆ ಒಂದರ ಹಿಂದೊಂದು ಆಯುಧ ಒಪ್ಪಿಸಿದ ನಗರಗಳಾಗಿಯೂ ಕಂಡಾವು. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಆ ತಿಳಿವಳಿಕೆ ಅತ್ಯಂತ ಹತ್ತಿರದ್ದು.