ಕಲ್ಲುನೆಲದ ಸಾಮತಿ: ನಲ್ಲಂಪಳ್ಳಿಯ ಒಂದು ಅನ್ಬಿಯಂ ಓದು

ನನ್ನ ವಿಷಯ ಸುವಾರ್ತೆಯ ಸಾಮತಿ ಕತೆಗಳು ಮತ್ತು ಅವನ್ನು ಒಂದು ಸಣ್ಣ ಗುಂಪು ಓದುವ ಬಗೆ. ಕನ್ನಡ ವಿಭಾಗಗಳಲ್ಲಿ ಕ್ರೈಸ್ತ ಸಾಹಿತ್ಯ ಅಂದ ಕೂಡಲೇ ನಾವು ಮಿಷನರಿಗಳ ಹತ್ತಿರ ಹೋಗ್ತೇವೆ. 1843ರ ಮಂಗಳೂರ ಸಮಾಚಾರ, 1862ರಲ್ಲಿ ಬಂದ ಕಿಟ್ಟೆಲರ ಕಥಾಮಾಲೆ, 1894ರ ನಿಘಂಟು. ಇದೆಲ್ಲ ಬರೆದವರ, ಅಚ್ಚು ಹಾಕಿದವರ ಚರಿತ್ರೆ. ಕೇಳಿದವರು ಆ ಕತೆಗಳನ್ನು ಏನು ಮಾಡಿಕೊಂಡರು ಎಂಬ ಪ್ರಶ್ನೆ ನಮ್ಮ ಪಠ್ಯಕ್ರಮದಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ನಮ್ಮೂರು ನಲ್ಲಂಪಳ್ಳಿ, ಧರ್ಮಪುರಿ ಜಿಲ್ಲೆ. ನೊಳಂಬರ ಕಾಲದ ಕನ್ನಡ ಶಾಸನಗಳು ಸಿಕ್ಕಿರುವ ಸೀಮೆ. ಇಲ್ಲಿ ಕನ್ನಡ ಮನೆಯೊಳಗಿನ ಮಾತು. ಶಾಲೆ, ಬಸ್ಸು, ಪೂಜೆ ಎಲ್ಲ ತಮಿಳು. 1997ರಲ್ಲಿ ಸೇಲಂ ಧರ್ಮಪ್ರಾಂತ್ಯದಿಂದ ಧರ್ಮಪುರಿ ಬೇರೆಯಾಯಿತು. ತಮಿಳುನಾಡಿನ ಕ್ಯಾಥೊಲಿಕ್ ಪಂಗಡಗಳಲ್ಲಿ ಬೀದಿಗೊಂದರಂತೆ ಸೇರುವ ಮನೆಗುಂಪಿಗೆ ‘ಅನ್ಬಿಯಂ’ ಅಂತಾರೆ. ಅನ್ಬು, ಅಂದರೆ ಪ್ರೀತಿ, ಅದರಿಂದ ಕಟ್ಟಿದ ಪದ. ನಾನು ಆ ಸಭೆಯವಳಲ್ಲ. ಪಕ್ಕದ ಮನೆಯವಳಾಗಿ ಹೋಗಿ ಕೂತವಳು.

ಮೊದಲು ಹೆಸರಿನ ಮಾತು. ಹಳೆಯ ಕನ್ನಡ ಸತ್ಯವೇದ ಈ ಕತೆಗಳನ್ನು ‘ಸಾಮ್ಯ’ ಅನ್ನುತ್ತೆ. ಈಚೆಗೆ ಕ್ಯಾಥೊಲಿಕರು ಬಳಸುವ ಅನುವಾದದಲ್ಲಿ ‘ಸಾಮತಿ’. ತಮಿಳಿನಲ್ಲಿ ‘ಉವಮೈ’, ಇದು ತೊಲ್ಕಾಪ್ಪಿಯಂ ಒಂದು ಇಯಲ್ಲನ್ನೇ ಮೀಸಲಿಟ್ಟ ಅಲಂಕಾರ. ಸಾಮ್ಯ ಅಂದಾಗಲೇ ಕೇಳುವವರ ಮನಸ್ಸು ಸಮಸಮ ಹುಡುಕುತ್ತೆ, ಲೆಕ್ಕದ ಹಾಗೆ. ಬೀಜ ಅಂದರೆ ವಾಕ್ಯ, ನೆಲ ಅಂದರೆ ಹೃದಯ, ಮುಳ್ಳು ಅಂದರೆ ಲೋಕದ ಚಿಂತೆ. ಬಿತ್ತುವವನ ಕತೆಗೆ ಈ ವಿವರಣೆ ಸುವಾರ್ತೆಯಲ್ಲೇ ಇದೆ, ನಿಜ. ಆದರೆ 19ನೇ ಶತಮಾನದ ಕೊನೆಗೆ ಅಡಾಲ್ಫ್ ಯೂಲಿಷರ್ ಎಂಬ ಜರ್ಮನ್ ವಿದ್ವಾಂಸ, ಯೇಸು ಹೇಳಿದ್ದು ಒಂದೇ ಮೊನೆಯ ಹೋಲಿಕೆ, ಒಂದೊಂದಕ್ಕೂ ಅರ್ಥ ಹಚ್ಚುವ ಕ್ರಮ ಆಮೇಲಿನದು ಎಂದು ವಾದಿಸಿದ. ಒಂದೇ ಮೊನೆ ಅನ್ನೋದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಕತೆ ಬೇರೆ, ಅದರ ಕೀಲಿಕೈ ಬೇರೆ ಎಂದು ತೋರಿಸಿದ್ದು ಆತನ ದೊಡ್ಡ ಕೆಲಸ.

ಪ್ರಸಂಗಗಳಲ್ಲಿ, ಧ್ಯಾನದ ಕಿರುಪುಸ್ತಕಗಳಲ್ಲಿ ನಾನು ಕಂಡಿದ್ದು ಈ ಕೀಲಿಕೈಯನ್ನೇ. ‘ನೀನು ಯಾವ ನೆಲ?’ ಅಂತ ಕೇಳಿ ನಿಲ್ಲಿಸುತ್ತಾರೆ. ಆಧ್ಯಾತ್ಮಿಕ ಬೆಳವಣಿಗೆ ಅಂದರೆ ಒಬ್ಬೊಬ್ಬರೂ ತಮ್ಮ ತಮ್ಮ ಮಾರ್ಕ್ಸ್ ಕಾರ್ಡು ನೋಡಿಕೊಳ್ಳೋದು. ಮೂವತ್ತು, ಅರವತ್ತು, ನೂರು ಅಂತ ಕತೆಯೇ ಅಂಕ ಕೊಟ್ಟುಬಿಟ್ಟಿದೆಯಲ್ಲ!

ಅನ್ಬಿಯಂನಲ್ಲಿ ಓದುವ ಕ್ರಮ ಬೇರೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಯ ವಿಧಾನ ಬಹಳ ದೇಶಗಳ ಇಂಥ ಗುಂಪುಗಳಲ್ಲಿ ಬಳಕೆಯಲ್ಲಿದೆ, ನಮ್ಮ ಬೀದಿಯಲ್ಲಿ ಅದರ ಮೊಟಕುಗೊಂಡ ರೂಪ. ಪಾಠ ಓದಿದ ಮೇಲೆ ಮನಸ್ಸಿಗೆ ತಾಗಿದ ಒಂದು ಪದವನ್ನೋ ತುಂಡು ವಾಕ್ಯವನ್ನೋ ಒಬ್ಬೊಬ್ಬರು ಗಟ್ಟಿಯಾಗಿ ಹೇಳಬೇಕು. ಅರ್ಥ ಹೇಳುವ ಹಾಗಿಲ್ಲ. ಆಮೇಲೆ ಮೌನ. ಹಂಚಿಕೊಳ್ಳೋದು ಅದರ ನಂತರ. ವಿಮರ್ಶೆಯ ವಿದ್ಯಾರ್ಥಿಗಳಾದ ನಾವು ಇಷ್ಟು ತಾಳ್ಮೆಯಿಂದ ಓದುತ್ತೇವಾ, ನನಗೆ ಅನುಮಾನ.

ಬಿತ್ತುವವನ ಕತೆ ಬಂದ ದಿನ ತಮಿಳಿನಲ್ಲಿ ಓದಿ ಆಯಿತು. ಒಬ್ಬರು ಅಜ್ಜಿ ಆರಿಸಿಕೊಂಡ ಪದ ‘ಕಲ್ಲು’. ಹಂಚಿಕೊಳ್ಳುವಾಗ ತಮಿಳು ಬಿಟ್ಟು ಕನ್ನಡಕ್ಕೆ ಬಂದರು: “ಕಲ್ಲು ನೆಲ ಅಂತ ನೆಲಾನ ಬೈದ್ರೆ ಏನ್ ಬಂತು ಸಿಸ್ಟರ್? ಆಯ್ದು ಬದೂಗೆ ಹಾಕೋರು ಯಾರು?” ಇಲ್ಲಿಯ ಮಳೆಯಾಶ್ರಿತ ಹೊಲ ನೋಡಿದವರಿಗೆ ಇದು ಗೊತ್ತು. ರಾಗಿ, ಸಾಮೆ, ಹುರುಳಿ ಬಿತ್ತುವ ಹೊಲಗಳ ಬದುವಿನಲ್ಲಿ ಆಯ್ದು ಹಾಕಿದ ಕಲ್ಲಿನ ಗುಡ್ಡೆ. ಉತ್ತ ಹಾಗೆಲ್ಲ ಮತ್ತೆ ಕಲ್ಲು ಮೇಲೆ ಬರುತ್ತೆ, ಮತ್ತೆ ಆಯಬೇಕು. ಒಬ್ಬರೇ ಮುಗಿಸುವ ಕೆಲಸವೂ ಅಲ್ಲ. ಇನ್ನೊಬ್ಬರು, ದಾರಿ ದಾರಿಯಾಗಿದ್ದು ನಾವು ತುಳಿದಿದ್ದಕ್ಕೆ ತಾನೇ ಅಂದರು.

ಈ ಎರಡು ಮಾತು ಕತೆಯ ವ್ಯಾಕರಣವನ್ನೇ ಬದಲಿಸಿಬಿಡುತ್ತವೆ. ನೆಲ ಇಲ್ಲಿ ಒಬ್ಬರ ಸ್ವಭಾವವಾಗಿ ಉಳಿಯೋದಿಲ್ಲ, ಹಲವರ ಕೈ ಬಿದ್ದು, ಇಲ್ಲವೇ ಬೀಳದೆ, ಆದ ಸ್ಥಿತಿಯಾಗುತ್ತೆ. ಮನಸ್ಸಿಗೆ ಬಂದದ್ದನ್ನು ಕತೆಗೆ ತುರುಕಿದರು ಎಂದು ಆಕ್ಷೇಪಿಸಬಹುದು. ನನ್ನ ಉತ್ತರ ಸುವಾರ್ತೆಯಲ್ಲೇ ಇದೆ. ಲೂಕನ 13ನೇ ಅಧ್ಯಾಯದಲ್ಲಿ ಮೂರು ವರ್ಷ ಹಣ್ಣು ಕೊಡದ ಅಂಜೂರದ ಮರವನ್ನು ಕಡಿ ಎಂದು ಯಜಮಾನ ಹೇಳುತ್ತಾನೆ. ತೋಟದವನು ಇನ್ನೊಂದು ವರ್ಷ ಕೇಳಿಕೊಂಡು, ಬುಡ ಅಗೆದು ಗೊಬ್ಬರ ಹಾಕ್ತೇನೆ ಎನ್ನುತ್ತಾನೆ. ಮರಕ್ಕೆ ಯಾರೂ ಉಪದೇಶ ಮಾಡೋದಿಲ್ಲ. ಅಜ್ಜಿ ಒಂದು ಸಾಮತಿಯನ್ನು ಇನ್ನೊಂದು ಸಾಮತಿಯ ಕೆಲಸದಿಂದ ಓದಿದರು, ಅದರ ಹೆಸರು ಹೇಳದೆ. ಮಾರ್ಕನಲ್ಲಿ ಮಾತ್ರ ಬರುವ ಇನ್ನೊಂದು ಪುಟ್ಟ ಕತೆಯೂ ಇದೆ. ಬಿತ್ತಿದವನು ಮಲಗುತ್ತಾನೆ, ಏಳುತ್ತಾನೆ, ಬೀಜ ಹೇಗೆ ಬೆಳೆಯಿತೆಂದು ಅವನಿಗೇ ಗೊತ್ತಿಲ್ಲ. ಬಿತ್ತುವವನ ಕತೆಗೆ ಅಷ್ಟು ಪಕ್ಕಾ ವಿವರಣೆ ಕೊಟ್ಟ ಅದೇ 4ನೇ ಅಧ್ಯಾಯದಲ್ಲಿ ಈ ‘ಗೊತ್ತಿಲ್ಲ’ ಕೂತಿದೆ. ಬೆಳವಣಿಗೆಗೆ ಮೆಟ್ಟಿಲು ಕಟ್ಟಿಕೊಡುವ ಕಿರುಪುಸ್ತಕಗಳಿಗೆ ಈ ಕತೆ ಅಷ್ಟು ಒಗ್ಗೋದಿಲ್ಲ.

ಇಷ್ಟು ಹೇಳಿ ಗುಂಪನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ಅನ್ಬಿಯಂ ಸೇರುವುದು ಬೀದಿಯ ಪ್ರಕಾರ, ನಮ್ಮ ಕಡೆಯ ಹಳ್ಳಿಗಳಲ್ಲಿ ಬೀದಿ ಅಂದರೆ ಜಾತಿ. ಊರಿನದು ಒಂದು ಗುಂಪು, ಕಾಲೋನಿಯದು ಇನ್ನೊಂದು. ಕಲ್ಲು ಆಯೋರು ಯಾರು ಎಂಬ ಪ್ರಶ್ನೆ ಬದುವಿನ ಆಚೆ ಹೋಗಲಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯಲ್ಲಿ ಬರೋದಿಲ್ಲ. ಕಾಗದದಲ್ಲಿ ಇಲ್ಲದ ಜಾತಿ ಬೀದಿಯಲ್ಲಿ ಇದೆ, ಪ್ರಾರ್ಥನೆಯ ಚಾಪೆಯ ಮೇಲೆ ಅದರ ಮಾತು ಬರಲಿಲ್ಲ.

ಒಳ್ಳೆಯ ಸಮಾರಿಯದವನ ಕತೆಯ ದಿನ ಇದು ಇನ್ನೂ ಸ್ಪಷ್ಟವಾಯಿತು. ಆ ಕತೆ ಹುಟ್ಟೋದೇ ‘ನನ್ನ ನೆರೆಯವನು ಯಾರು’ ಎಂಬ ಪ್ರಶ್ನೆಗೆ. ಕನ್ನಡದ ‘ನೆರೆಯವನು’ ಅಂದರೆ ಗೋಡೆಯಾಚೆಯವನು. ಇವರು ಓದುವ ತಮಿಳು ಅನುವಾದದಲ್ಲಿ ‘ಅಡುತ್ತಿರುಪ್ಪವರ್’, ಪಕ್ಕದಲ್ಲಿರುವವರು. ತಮಿಳಿನ ಹಳೆಯ ಪ್ರೊಟೆಸ್ಟೆಂಟ್ ಅನುವಾದದಲ್ಲಿ ಅದೇ ಜಾಗಕ್ಕೆ ‘ಪಿರನ್’, ಬೇರೆಯವನು. ಕತೆಗೆ ಹತ್ತಿರದ ಪದ ಇದೇ ಅಂತ ನನಗೆ ಅನ್ನಿಸುತ್ತೆ. ಯಾಕೆಂದರೆ ಸಮಾರಿಯದವನು ಯೆಹೂದ್ಯರ ಬೀದಿಯವನಲ್ಲ. ಆ ದಿನ ಬಂದ ಉದಾಹರಣೆಗಳೆಲ್ಲ ಪಕ್ಕದ ಮನೆಯವು: ಕಾಯಿಲೆ ಬಿದ್ದಾಗ ಗಂಜಿ ಕೊಟ್ಟಿದ್ದು, ಮಗುವನ್ನು ನೋಡಿಕೊಂಡಿದ್ದು. ಒಳ್ಳೆಯವೇ. ಎಲ್ಲವೂ ಒಂದೇ ಬೀದಿಯವು.

ಅಧ್ಯಕ್ಷರು ಚಾಟ್‌ನಲ್ಲಿ ಕೇಳಿದ್ದಾರೆ, ಇದು ಸಾಹಿತ್ಯ ವಿಮರ್ಶೆಯೋ ಸಮಾಜಶಾಸ್ತ್ರವೋ ಅಂತ. ಪದ ಹಿಡಿದು ನಿಲ್ಲುವ ಆ ಕ್ರಮವನ್ನು ನಾನು ವಿಮರ್ಶೆ ಎಂದೇ ಕರೀತೇನೆ, ಸರ್. ಕಾಲೋನಿಯ ಗುಂಪು ಇದೇ ಎರಡು ಕತೆಗಳಲ್ಲಿ ಯಾವ ಪದ ಆರಿಸಿಕೊಳ್ಳುತ್ತೆ ಎಂದು ಇನ್ನೂ ಕೂತು ಕೇಳಬೇಕಿದೆ, ಮುಂದಿನ ಸೆಮಿಸ್ಟರಿನ ಕೆಲಸ ಅದೇ.