ಸೊಪ್ಪಿನ ಕೊಟ್ಟಿಗೆ

ಹೊಸದಾಗಿ ಜಮೀನು ಮಾಡಿ ದನ ಸಾಕಲು ಹೊರಟವರು ಮಲೆನಾಡಿನ ಹಳೆಯ ಸೊಪ್ಪಿನ ಕೊಟ್ಟಿಗೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಬಿಡದೆ ಸುರಿಯುವ ಮಳೆಗೆ ತಕ್ಕಂತೆ ಕಟ್ಟಿದ್ದು ಅದು. ಇಳಿಜಾರಾದ ಮಾಡು ಗೋಡೆಯಿಂದಾಚೆಗೆ ಚಾಚಿ ಎರಚಲನ್ನು ತಡೆಯುತ್ತದೆ. ಗೋಡೆಯನ್ನು ಮಾಡಿನವರೆಗೆ ಏರಿಸುವುದಿಲ್ಲ. ಬಿಟ್ಟ ಸಂದಿಯಲ್ಲಿ ಗಾಳಿಯಾಡಿ ಗಂಜಲದ ಘಾಟು ಹೊರಹೋಗುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅದರ ನೆಲ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಒಣಗಿದ ಎಲೆ ಹಾಸುತ್ತಾರೆ. ದನ ಅದರ ಮೇಲೆ ಮಲಗಿ, ತುಳಿದು, ಸಗಣಿ ಗಂಜಲ ಬೆರೆಸುತ್ತದೆ. ಗಂಜಲದ ಸಾರಜನಕವೆಲ್ಲ ಸುಮ್ಮನೆ ಹರಿದುಹೋಗದೆ ಒಂದಷ್ಟು ಸೊಪ್ಪಿನಲ್ಲೇ ಉಳಿಯುತ್ತದೆ. ಬಾಚಿ ಗುಂಡಿಗೆ ಹಾಕಿ ಕೊಳೆಸಿದರೆ ಅಡಿಕೆ ತೋಟಕ್ಕೆ ಗೊಬ್ಬರ. ದನಕ್ಕೆ ಬೆಚ್ಚನೆಯ ಹಾಸಿಗೆ, ತೋಟಕ್ಕೆ ಊಟ, ಎರಡೂ ಒಂದೇ ಹೊರೆ ಸೊಪ್ಪಿನಲ್ಲಿ!

ಇನ್ನು ಅದರ ಬಾಗಿಲಾದ ದಣಪೆ. ಎರಡು ಕಂಬಗಳಿಗೆ ತೂತು ಕೊರೆದು ಅಡ್ಡಡ್ಡ ಗಳ ತೂರಿಸಿದರೆ ಆಯಿತು. ಮೊಳೆ ಬೇಡ, ಕೀಲು ಬೇಡ. ಗಳ ಮುರಿದರೆ ಹಿತ್ತಿಲ ಬಿದಿರೇ ಸಾಕು.

ಲಕ್ಷಗಟ್ಟಲೆ ಸುರಿದು ಕಾಂಕ್ರೀಟ್ ಶೆಡ್ ಕಟ್ಟುವ ಮೊದಲು ಇಲ್ಲಿನ ಲೆಕ್ಕಾಚಾರ ಕಲಿಯಿರಿ: ಗಾಳಿ, ಒಣ ನೆಲ, ಗೊಬ್ಬರದ ದಾರಿ. ಈ ಮೂರು ಸರಿಯಿದ್ದರೆ ಒಂದೇ ಒಂದು ಮಲೆನಾಡು ಗಿಡ್ಡ ತಳಿಯ ಹಸುವಿನಿಂದ ಧೈರ್ಯವಾಗಿ ಶುರುಮಾಡಬಹುದು.